ಫೇಲಮ್ಮ

ಆ ಹೆಸರನ್ನು ಅವಳಿಗೆ ಯಾರು ಇಟ್ಟರೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಲೈಸೆನ್ಸ್ ಕಚೇರಿಯ ಎದುರಿಗಿದ್ದ ಟೀ ಅಂಗಡಿಯಲ್ಲಿ ಹುಟ್ಟಿದ್ದೆಂಬುದು ಮಾತ್ರ ಖಚಿತ. ಗಾಡಿ ಓಡಿಸುವ ಪರೀಕ್ಷೆಯಲ್ಲಿ ನಪಾಸಾಗಿ, ಮುಖ ಸಪ್ಪಗೆ ಮಾಡಿಕೊಂಡು ಗೇಟಿನಿಂದ ಹೊರಬಿದ್ದವರೆಲ್ಲ ಮೊದಲು ಹೋಗಿ ಕೂರುತ್ತಿದ್ದದ್ದು ಆ ಅಂಗಡಿಯ ಬೆಂಚಿನ ಮೇಲೆ. “ಯಾರು ಕೂತಿದ್ರು ಪಕ್ಕದಲ್ಲಿ?” ಎಂದು ಅಂಗಡಿಯವನು ಕೇಳುವುದು, “ಇನ್ಯಾರು, ಫೇಲಮ್ಮ” ಎಂದು ಇವರು ನಿಟ್ಟುಸಿರು ಬಿಡುವುದು. ಹೆಸರು ಮೆಲ್ಲಗೆ ರಸ್ತೆ ದಾಟಿತು, ಗೇಟು ದಾಟಿತು, ಕೌಂಟರುಗಳನ್ನೆಲ್ಲ ಸುತ್ತಿ ಕೊನೆಗೆ ಅವಳ ಕಿವಿಗೂ ಬಿತ್ತು. ಅವಳು ನಕ್ಕಳು. “ಫೇಲಾದವರ ಹೊಟ್ಟೆಯುರಿಗೆ ಏನಾದ್ರೂ ಒಂದು ದಾರಿ ಬೇಕಲ್ಲ. ಹೋಗ್ಲಿ ಬಿಡಿ” ಎಂದಳು.

ಕಚೇರಿಯಲ್ಲಿ ಪರೀಕ್ಷೆ ಮಾಡುವವರು ಇದ್ದದ್ದೇ ಇಬ್ಬರು. ಇವಳು ಫೇಲಮ್ಮನಾದ ಮೇಲೆ ಇನ್ನೊಬ್ಬರು ಪಾಸಪ್ಪ ಆಗದೆ ವಿಧಿಯಿರಲಿಲ್ಲ. ಪಾಸಪ್ಪ ಅವಳಿಗಿಂತ ಹಿರಿಯ, ದಪ್ಪ ಮೈಯ, ತೆಳ್ಳನೆ ದನಿಯ ಮನುಷ್ಯ. ಯಾರಿಂದಲೂ ಒಂದು ಕಪ್ ಟೀ ಕುಡಿದವರಲ್ಲ. ಅವರ ತೊಂದರೆ ಒಂದೇ. ಎದುರಿಗಿದ್ದವರ ಮುಖ ಬಾಡಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಹುಡುಗಿಯೊಬ್ಬಳು ಕಂಬಕ್ಕೆ ಗುದ್ದಿ ಕಣ್ಣಲ್ಲಿ ನೀರು ತುಂಬಿಕೊಂಡರೆ, “ಅಳಬೇಡಮ್ಮ, ಕಂಬದ್ದೂ ತಪ್ಪಿದೆ” ಎಂದು ಸಹಿ ಹಾಕಿಬಿಡುತ್ತಿದ್ದರು. ತಿಳಿದವರು ಅವರ ಸರದಿ ಯಾವತ್ತೆಂದು ವಿಚಾರಿಸಿಕೊಂಡೇ ಬರುತ್ತಿದ್ದರು. ತಿಳಿಯದ ಅಮಾಯಕರು ಫೇಲಮ್ಮನ ಪಾಲಿಗೆ ಬೀಳುತ್ತಿದ್ದರು.

“ನೀವು ಇಷ್ಟು ಗಟ್ಟಿಯಾಗಿರಬಾರದು ಮೇಡಂ. ಮಿಕ್ಕಿದ್ದನ್ನ ರಸ್ತೆ ಕಲಿಸುತ್ತೆ” ಎಂದು ಪಾಸಪ್ಪ ಹೇಳುವುದಿತ್ತು.

“ರಸ್ತೆ ಕಲಿಸುತ್ತೆ ಸರ್. ಆದ್ರೆ ಪಾಠಕ್ಕೆ ಸಿಕ್ಕಿಹಾಕಿಕೊಳ್ಳೋರು ರಸ್ತೆ ದಾಟೋ ಜನ ಅಲ್ವಾ?” ಎಂದು ಅವಳು ಹೇಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಅಷ್ಟರ ಮಟ್ಟಿಗೆ ಸ್ನೇಹವಿತ್ತು.

ಅವಳಿಗೆ ಸ್ಟೀರಿಂಗು ಹಿಡಿಸಿದವನು ಅವಳ ಅಪ್ಪ. ಲಾರಿ ಡ್ರೈವರು. ಗೋದಾಮಿನ ಅಂಗಳದಲ್ಲಿ ಮಗಳನ್ನು ದಿಂಬಿನ ಮೇಲೆ ಕೂರಿಸಿ ಮೊದಲು ಕಲಿಸಿದ್ದೇ ರಿವರ್ಸು. “ಮುಂದಕ್ಕೆ ಓಡಿಸೋಕೆ ಕತ್ತೆಗೂ ಬರುತ್ತೆ, ಹಿಂದಕ್ಕೆ ಬಾ ನೋಡೋಣ” ಎನ್ನುತ್ತಿದ್ದ. ಒಂದು ಸಲ ಅವಳು ಗೋಡೆಗೆ ತಾಗಿಸಿ ಲಾರಿಯ ಹಿಂದಿನ ದೀಪ ಒಡೆದಳು. ಅಪ್ಪ ಬೈಯಲಿಲ್ಲ. ಅವಳನ್ನೇ ಮಾಲೀಕನ ಬಳಿ ಕಳಿಸಿದ, “ನಾನೇ ಒಡೆದೆ ಅಂತ ಹೇಳಿ ಬಾ” ಎಂದು. ಮಾಲೀಕ ನಂಬಲಿಲ್ಲ. ಇಷ್ಟುದ್ದದ ಹುಡುಗಿ ಲಾರಿ ಓಡಿಸಿದಳೆಂದರೆ ಯಾರು ನಂಬುತ್ತಾರೆ? ಮಗಳನ್ನು ಮುಂದೆ ಮಾಡಿಕೊಂಡು ತಾನು ತಪ್ಪಿಸಿಕೊಳ್ಳುತ್ತಿದ್ದಾನೆಂದು ಅಪ್ಪನಿಗೇ ಉಗಿದ. ಅದನ್ನು ಹೇಳಿಕೊಂಡು ಅಪ್ಪ ಮಗಳು ದಾರಿಯುದ್ದಕ್ಕೂ ನಕ್ಕಿದ್ದರು.

ಮುಂದೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯ ವ್ಯಾನು ಓಡಿಸಿದಳು. ಬೆಳಿಗ್ಗೆ ಮಡಿಸಿದ ಬಿಳಿ ಹಾಸುಗಳನ್ನು ಮುಟ್ಟಿಸುವುದು, ಸಂಜೆ ಕೊಳೆ ಗಂಟುಗಳನ್ನು ತರುವುದು. ಅದಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಎಂಜಿನ್ನಿನ ವಿದ್ಯೆ ಕಲಿತಳು. ಕ್ಲಾಸಿನಲ್ಲಿ ಮೈತುಂಬ ಸಾಬೂನಿನ ವಾಸನೆ, ಕಣ್ಣ ತುಂಬ ನಿದ್ದೆ. ಇಲಾಖೆಯ ಪರೀಕ್ಷೆಯಲ್ಲಿ ಮೊದಲ ಸಲ ಡುಮ್ಕಿ ಹೊಡೆದಳು, ಎರಡನೇ ಸಲ ಪಾಸಾದಳು. ಡುಮ್ಕಿ ಹೊಡೆದ ಸಲ ಅವಳಿಗೆ ಬಹಳ ಸಿಟ್ಟು ಬಂದದ್ದು ಫೇಲಾದದ್ದಕ್ಕಲ್ಲ, ಎಲ್ಲಿ ತಪ್ಪಿದೆ ಎಂದು ಯಾರೂ ಹೇಳದೇ ಇದ್ದದ್ದಕ್ಕೆ.

ಆದ್ದರಿಂದ ತಾನು ಆ ಸೀಟಿಗೆ ಬಂದಮೇಲೆ ಅವಳು ಒಂದು ಪದ್ಧತಿ ಇಟ್ಟುಕೊಂಡಳು. ಫೇಲು ಮಾಡಿದವರನ್ನು ಗಾಡಿಯಿಂದ ಇಳಿಸಿ, ತಾನೂ ಇಳಿದು, ಚಕ್ರ ಎಲ್ಲಿ ಹೋಯಿತು, ಎಲ್ಲಿ ಹೋಗಬೇಕಿತ್ತು ಎಂದು ನೆಲದ ಮೇಲೆ ಕಾಲಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದಳು. ಕೆಲವರು ಕೇಳಿಸಿಕೊಳ್ಳುತ್ತಿದ್ದರು. ಕೆಲವರು ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದರು. ನರ್ಸರಿ ಶಾಲೆಯ ಆಯಾ ಒಬ್ಬಳು ಸ್ಕೂಟರಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೆ ಅವಳ ಮೇಲೇ ರೇಗಿದಳು.

“ಗೆರೆ ಎಳೆದು ತೋರಿಸಿದ್ರೆ ಬಂದುಬಿಡುತ್ತಾ? ಅಭ್ಯಾಸ ಮಾಡೋಕೆ ನಂಗೆ ಜಾಗ ಎಲ್ಲಿದೆ? ನಮ್ಮ ಓಣೀಲಿ ಎರಡು ಕೊಡ ಎದುರುಬದುರು ಬಂದ್ರೆ ಒಂದು ಹಿಂದೆ ಹೋಗಬೇಕು!”

ಮಾತು ನ್ಯಾಯವಾಗಿತ್ತು. ಸಾಹುಕಾರರ ಮಕ್ಕಳು ಡ್ರೈವಿಂಗ್ ಶಾಲೆಗೆ ಹೋಗಿ ಬಯಲಿನಲ್ಲಿ ತಿಂಗಳುಗಟ್ಟಲೆ ಸುತ್ತುತ್ತಾರೆ. ಈ ಆಯಾ ಓಣಿಯಲ್ಲಿ ಕಲಿತು ಬಂದು ಅದೇ ಇಳಿಜಾರು, ಅದೇ ಕಂಬಗಳ ನಡುವೆ ಹಾಯಬೇಕು. ಎಲ್ಲರಿಗೂ ಒಂದೇ ಅಳತೆ ಇಟ್ಟರಷ್ಟೇ ಸಾಲದು ಎಂದು ಅವಳಿಗೆ ಆವತ್ತು ಹೊಳೆಯಿತು. ಸಾಹೇಬರ ಕೋಣೆಗೆ ಹೋಗಿ, ಕಚೇರಿ ಮುಗಿದ ಮೇಲೆ ಹಿಂದಿನ ಅಂಗಳವನ್ನು ಫೇಲಾದವರಿಗೆ ಬಿಟ್ಟುಕೊಡಿ ಎಂದು ಕೇಳಿದಳು.

“ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ?” ಎಂದರು ಸಾಹೇಬರು.

“ನಾನು ನಿಂತಿರ್ತೀನಿ ಸರ್.”

“ಓವರ್‌ಟೈಮ್ ಕೇಳಬಾರದು.”

“ಕೇಳಲ್ಲ.”

ಸಾಹೇಬರು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಕೈಬೀಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವಳು ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡಳು. ಅಂದಿನಿಂದ ಸಂಜೆ ಆ ಅಂಗಳದಲ್ಲಿ ತರಕಾರಿಯವನು, ಆಯಾ, ಕಾಲೇಜಿನ ಲೆಕ್ಚರರು, ಪಿಂಚಣಿ ಪಡೆದ ಪೋಸ್ಟ್‌ಮಾಸ್ಟರು ಎಲ್ಲ ಸಾಲಾಗಿ ನಿಂತು ಇಳಿಜಾರಿನಲ್ಲಿ ಎಂಜಿನ್ನು ಆರಿಸಿಕೊಳ್ಳುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ ಕಲಿತರು. ಆಯಾ ಪಾಸಾದ ದಿನ ಟೀ ಅಂಗಡಿಯವನಿಗೆ ನಂಬಿಕೆಯೇ ಬರಲಿಲ್ಲ. “ಫೇಲಮ್ಮನ ಹತ್ರ ಪಾಸಾ?” ಎಂದು ಎರಡೆರಡು ಸಲ ಕೇಳಿದ.

ಇಷ್ಟೇ ಆಗಿದ್ದರೆ ಅವಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ನಡೆದದ್ದು ಅವಳ ಮನೆಯಲ್ಲಿ.

ಅವಳ ಗಂಡ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲು ತೆರೆದರೆ ಹೊಲಿಗೆ ಮಿಷನ್ನು, ಅದರ ಪಕ್ಕ ಶಾಲಾ ಸಮವಸ್ತ್ರಗಳ ರಾಶಿ, ಕಾಲಿಟ್ಟಲ್ಲೆಲ್ಲ ದಾರದ ಎಳೆ. ಹೆಚ್ಚು ಮಾತಿನವನಲ್ಲ. ಮನಸ್ಸಿಗೆ ಬೇಸರವಾದರೆ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದ, ಅಷ್ಟೇ. ಒಳಗಿನ ಕೋಣೆಯಲ್ಲಿ ಅತ್ತೆ. ಮಹಡಿಯ ಸಣ್ಣ ರೂಮಿನಲ್ಲಿ ಮೈದುನ.

ಮೈದುನನನ್ನು ಕಂಡರೆ ಆಗದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಡುತ್ತಿದ್ದ, ಎಲ್ಲರನ್ನೂ ಅನುಕರಿಸಿ ತೋರಿಸುತ್ತಿದ್ದ, ಅತ್ತಿಗೆಯ ಗಂಭೀರ ಮುಖವನ್ನಂತೂ ಅವಳೆದುರಿಗೇ ಮಾಡಿ ತೋರಿಸಿ ಅವಳನ್ನೇ ನಗಿಸುತ್ತಿದ್ದ. ಆದರೆ ಯಾವ ಕೆಲಸದಲ್ಲೂ ಬೇರೂರಲಿಲ್ಲ. ಅಂಗಡಿಗೆ ಸೇರಿದ, ಬಿಟ್ಟ. ಪ್ರೆಸ್ಸಿಗೆ ಸೇರಿದ, ಬಿಟ್ಟ. ಕೊನೆಗೆ ಒಂದು ಶಾಲೆಯವರು ಮಕ್ಕಳ ವ್ಯಾನಿಗೆ ಡ್ರೈವರು ಬೇಕು, ಲೈಸೆನ್ಸ್ ಮಾಡಿಸಿಕೊಂಡು ಬಾ ಎಂದರು. ಅವನು ಕುಣಿದಾಡಿಬಿಟ್ಟ. ಮಕ್ಕಳೆಂದರೆ ಅವನಿಗೆ ಪ್ರಾಣ. ಅತ್ತೆ ಕೂಡಲೇ ಸೊಸೆಯ ಕಡೆ ನೋಡಿದರು. ಪರೀಕ್ಷೆ ಮಾಡುವವಳು ಮನೆಯಲ್ಲೇ ಇರುವಾಗ ಇನ್ನೇನು ಎಂಬ ನೋಟ.

“ನಾನು ಅವನಿಗೆ ಪರೀಕ್ಷೆ ಮಾಡೋ ಹಾಗಿಲ್ಲ ಅತ್ತೆ. ಸ್ವಂತದವರಿಗೆ ಮಾಡಬಾರದು ಅಂತ ನಿಯಮ” ಎಂದಳು.

ಅವನು ಓಡಿಸುವುದನ್ನು ಅವಳು ನೋಡಿದ್ದಳು. ಕೈ ಚುರುಕು, ಹೆದರಿಕೆ ಇಲ್ಲ. ಒಂದೇ ಕೆಟ್ಟ ಚಾಳಿ. ಮಾತಾಡುವಾಗ ಕೇಳುವವರ ಮುಖ ನೋಡದಿದ್ದರೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಪಕ್ಕದವರು ಏನಾದರೂ ಅಂದರೆ ಪಕ್ಕಕ್ಕೆ, ಹಿಂದಿನವರು ಅಂದರೆ ಪೂರ್ತಿ ಹಿಂದಕ್ಕೆ ತಿರುಗುತ್ತಿದ್ದ. ಗಾಡಿ ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. ಹಿಂದೆ ಒಂದು ವ್ಯಾನಿನ ತುಂಬ ಮಕ್ಕಳು “ಅಂಕಲ್, ಅಂಕಲ್” ಎಂದರೆ ಏನಾಗಬೇಡ? “ಸಂಜೆ ಅಂಗಳಕ್ಕೆ ಬಾ, ಸ್ವಲ್ಪ ದಿನ ರೂಢಿ ಮಾಡಿಕೋ” ಎಂದು ಅವಳು ಹೇಳಿದಳು. “ಫೇಲಾದೋರ ಸಾಲಲ್ಲಿ ನಾನ್ಯಾಕೆ ನಿಲ್ಲಲಿ ಅತ್ತಿಗೆ, ಇನ್ನೂ ಫೇಲೇ ಆಗಿಲ್ಲ” ಎಂದು ಅವನು ಹಾರಿಸಿಬಿಟ್ಟ.

ಅವನಿಗೆ ಪಾಸಪ್ಪನ ಸರದಿ ಬಂತು. ಅವಳು ಆವತ್ತು ಬೇಕೆಂದೇ ಅಂಗಳದ ಕಡೆ ಹೋಗದೆ, ಒಳಗೆ ಹಳೆಯ ಫೈಲುಗಳ ಧೂಳು ಕೊಡವುತ್ತ ಕೂತಳು. ಸಂಜೆ ಮನೆಗೆ ಹೋದರೆ ಅತ್ತೆ ಸಿಹಿ ಮಾಡಿದ್ದರು. ಅವನು ಪಾಸಾಗಿದ್ದ. ಮುಂದಿನ ವಾರ ವ್ಯಾನು ಹತ್ತಬೇಕು. ಎಲ್ಲರೂ ಊಟಕ್ಕೆ ಕೂತಾಗ ಅವನು ಪಾಸಪ್ಪನ ತೆಳ್ಳನೆ ದನಿಯನ್ನು ಅನುಕರಿಸುತ್ತ ನಡೆದದ್ದನ್ನು ಹೇಳಿದ.

“‘ಓಹೋ, ನಮ್ಮ ಮೇಡಂ ಮನೆಯವರಾ? ಮತ್ತೆ ಮೊದಲೇ ಹೇಳಬಾರದೇನಪ್ಪ’ ಅಂದ್ರು. ಅರ್ಧ ಸುತ್ತು ಬಂದೆ ಅಷ್ಟೆ. ‘ಸಾಕು ಸಾಕು, ಊಟದ ಹೊತ್ತಾಯ್ತು’ ಅಂದ್ರು. ಇಳಿಜಾರು ಹತ್ತಿಸಲೇ ಇಲ್ಲ! ರಿವರ್ಸೂ ಇಲ್ಲ! ಅತ್ತಿಗೆ, ನಿಮ್ಮ ಹೆಸರಲ್ಲೇ ಎಂಥಾ ಶಕ್ತಿ ನೋಡಿ!”

ಅತ್ತೆ ನಕ್ಕರು. ಗಂಡನೂ ನಕ್ಕ. ಅವಳು ಉಳಿದ ಸಿಹಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಮರುದಿನ ಬೆಳಿಗ್ಗೆ ಅವಳು ಮೊದಲು ಹೋದದ್ದು ಪಾಸಪ್ಪನ ಬಳಿಗೆ. ಅವರು ಮೇಜು ಒರೆಸುತ್ತಿದ್ದರು.

“ಸರ್, ನಮ್ಮ ಹುಡುಗನನ್ನ ಇನ್ನೊಂದು ಸಲ ಕರೀರಿ. ಪೂರ್ತಿ ಪರೀಕ್ಷೆ ಮಾಡಿ.”

ಅವರು ತಮಾಷೆ ಎಂದುಕೊಂಡರು. ಅವಳ ಮುಖ ನೋಡಿ ಅಲ್ಲವೆಂದು ತಿಳಿಯಿತು.

“ನಾನು ನಿಮಗೋಸ್ಕರ ಮಾಡಿದ್ದು ಮೇಡಂ.”

“ಅದಕ್ಕೇ ನಿಮ್ಮ ಹತ್ರ ಬಂದೆ.”

“ನಿಮ್ಮ ಮನೆ ಹುಡುಗ. ನಿಮ್ಮ ಕಣ್ಣೆದುರಿಗೇ ಬೆಳೆದೋನು. ಓಡಿಸೋಕೆ ಬರಲ್ಲ ಅಂತೀರಾ?”

“ಬರುತ್ತೆ. ಪೂರ್ತಿ ಬರಲ್ಲ. ನೀವೇ ನೋಡಿದ್ರೆ ನಿಮಗೂ ಗೊತ್ತಾಗ್ತಿತ್ತು. ಅವನು ಹತ್ತಿಸಿಕೊಳ್ಳೋದು ಮಕ್ಕಳನ್ನ ಸರ್.”

ಪಾಸಪ್ಪ ಬಟ್ಟೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. “ಸಹಿ ಹಾಕಿದ್ದು ಹಾಕಿದ್ದಾಯ್ತು. ಈಗ ಹಿಂದಕ್ಕೆ ತಗೊಂಡ್ರೆ ನಾನು ನೋಡದೆ ಹಾಕಿದೆ ಅಂತ ನಾನೇ ಹೇಳಿದ ಹಾಗೆ. ನನ್ನ ಕೈಲಾಗಲ್ಲ” ಎಂದರು. ಅವರ ದನಿ ಇನ್ನಷ್ಟು ತೆಳ್ಳಗಾಗಿತ್ತು.

ಇನ್ನು ಉಳಿದದ್ದು ಸಾಹೇಬರ ಕೋಣೆ. ಆದರೆ ಅದಕ್ಕೆ ಮೊದಲು ಅವಳು ಮನೆಗೆ ಹೋದಳು. ಬೆನ್ನ ಹಿಂದೆ ಮಾಡುವ ಕೆಲಸ ಇದಲ್ಲ ಎನಿಸಿತ್ತು ಅವಳಿಗೆ. ಮೈದುನನನ್ನು ಕೂರಿಸಿಕೊಂಡು ಹೇಳಿದಳು.

“ನಾಳೆ ಸಾಹೇಬರಿಗೆ ಹೇಳ್ತೀನಿ. ನಿಂಗೆ ಮರುಪರೀಕ್ಷೆ ಆಗುತ್ತೆ. ನಿಂಗೆ ಹೇಳದೆ ಹೇಳಬಾರದು ಅಂತ ಬಂದೆ.”

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ, ತಮಾಷೆಯ ಕೊನೆ ಎಲ್ಲಿ ಬರುತ್ತದೆ ಎಂದು ಕಾಯುವವನ ಹಾಗೆ. ಆಮೇಲೆ ಅವನ ಮುಖ ಕಳೆಗುಂದಿತು. “ನಾನೇ ಹೇಳಿದ್ದಲ್ವಾ ಅತ್ತಿಗೆ ನಿಮಗೆ. ಊಟ ಮಾಡುವಾಗ ನಗೋದಕ್ಕೆ ಹೇಳಿದ್ದು” ಎಂದ. ಆ ಮಾತು ಅವಳಿಗೆ ಚುಚ್ಚಿತು. ಅವನು ಹೇಳಿದ್ದು ನಿಜವೇ ಆಗಿತ್ತು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. “ಏನೇ ಇದು? ಊರಿನೋರನ್ನೆಲ್ಲ ಫೇಲು ಮಾಡಿ ಸಾಲದೇ ಹೋಯ್ತಾ? ಅವನಾಗೇ ಒಂದು ಕೆಲಸ ಹುಡುಕಿಕೊಂಡ್ರೆ ಅವನ ಹೊಟ್ಟೆ ಮೇಲೆ ಹೊಡೀತಿದೀಯಲ್ಲ! ನಿನ್ನ ಬೆನ್ನಿಗೆ ಬಿದ್ದ ತಮ್ಮ ಆಗಿದ್ರೆ ಹೀಗೆ ಮಾಡ್ತಿದ್ಯಾ?”

“ಮಾಡ್ತಿದ್ದೆ ಅತ್ತೆ.”

“ಮಾಡ್ತಿದ್ದೆ ಅಂತಾಳೆ ನೋಡು!” ಎಂದು ಅತ್ತೆ ಮುಂದಿನ ಕೋಣೆಯ ಕಡೆ ಕೂಗಿದರು. ಅಲ್ಲಿ ಹೊಲಿಗೆ ಮಿಷನ್ನು ಜೋರಾಗಿ ಓಡುತ್ತಿತ್ತು.

ರಾತ್ರಿ ಅವಳು ಬಟ್ಟೆಯ ಚೂರುಗಳನ್ನು ಗುಡಿಸುತ್ತಿದ್ದಾಗ ಗಂಡ ಮಿಷನ್ನು ನಿಲ್ಲಿಸಿದ.

“ನೀನು ಸುಮ್ಮನಿದ್ರೆ ಏನಾಗುತ್ತೆ?”

“ಏನೂ ಆಗದೇ ಇರಬಹುದು ರೀ. ಬಹಳಷ್ಟು ಸಲ ಏನೂ ಆಗಲ್ಲ.”

“ಮತ್ತೆ?”

“ಆದ್ರೆ? ಒಂದು ಮಗುವಿಗೆ ಪೆಟ್ಟಾಗಿ, ಅದರ ತಾಯಿ ಬಂದು ನಿಮಗೆ ಗೊತ್ತಿತ್ತಾ ಅಂತ ಕೇಳಿದ್ರೆ ನಾನು ಏನು ಹೇಳಲಿ? ಯಾರಿಗೂ ಗೊತ್ತಿರಲಿಲ್ಲ ಅಂದ್ರೆ ಅದು ಬೇರೆ. ನಂಗೆ ಗೊತ್ತಿದೆ.”

ಗಂಡ ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ತೆಗೆದುಕೊಂಡ. “ಈ ಸಮವಸ್ತ್ರ ಅವನ ವ್ಯಾನಿನ ಶಾಲೆಯವರದ್ದೇ” ಎಂದಷ್ಟೇ ಹೇಳಿ, ಮಡಿಲಲ್ಲಿದ್ದ ಪುಟ್ಟ ಅಂಗಿಯ ಕಾಲರನ್ನು ತಿರುಗಿಸಿ ಹೊಲಿಗೆ ಮುಂದುವರಿಸಿದ.

ಸಾಹೇಬರು ಮೊದಲು ಕೇಳಿದ್ದು, “ಯಾರಾದ್ರೂ ದೂರು ಕೊಟ್ಟಿದ್ದಾರಾ?” ಎಂದು.

“ನಾನೇ ಕೊಡ್ತಿದ್ದೀನಿ ಸರ್.”

“ನಿಮ್ಮ ಮೈದುನನ ಮೇಲೆ? ಮನೇಲಿ ಏನಾದ್ರೂ ಜಗಳ, ಆಸ್ತಿ ಗೀಸ್ತಿ...”

“ಇಲ್ಲ ಸರ್. ಮನೇಲಿ ಜಗಳ ನಿನ್ನೆಯಿಂದ ಶುರು.”

ಸಾಹೇಬರಿಗೆ ನಗು ಬಂತು, ಆದರೆ ನಗಲಿಲ್ಲ. ಪಾಸಪ್ಪನನ್ನು ಕರೆಸಿದರು. ಪಾಸಪ್ಪ ಸುಳ್ಳು ಹೇಳುವ ಮನುಷ್ಯರಲ್ಲ, ಕೇಳಿದ್ದಕ್ಕೆಲ್ಲ ಹೌದೆಂದರು. ಲೈಸೆನ್ಸ್ ರದ್ದಾಯಿತು. ಪಕ್ಕದ ಊರಿನ ಕಚೇರಿಯಲ್ಲಿ ಮರುಪರೀಕ್ಷೆ ಕೊಡಬಹುದೆಂದು ಹುಡುಗನಿಗೆ ತಿಳಿಸಲಾಯಿತು. ಪಾಸಪ್ಪನಿಗೆ ಮೇಲಿನಿಂದ ಎಚ್ಚರಿಕೆ ಬಂತು, ಬರಬೇಕಿದ್ದ ಬಡ್ತಿ ನಿಂತಿತು. ಮರುದಿನದಿಂದ ಅವರು ತಮ್ಮ ಊಟದ ಡಬ್ಬಿಯನ್ನು ಕಿಟಕಿಯ ಪಕ್ಕದ ಮೇಜಿಗೆ ಒಯ್ದರು. ಅವಳು ತನ್ನ ಮೇಜಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿದಳು. ಕೌಂಟರಿನವರು ಅವಳು ಹತ್ತಿರ ಬಂದರೆ ಮಾತು ಬದಲಿಸುತ್ತಿದ್ದರು. ಮನೆಯವನನ್ನೇ ಬಿಡದವಳು ನಮ್ಮನ್ನು ಬಿಟ್ಟಾಳೆಯೇ ಎಂಬ ಭಯ.

ಮೈದುನ ಮರುಪರೀಕ್ಷೆಗೆ ಹೋಗಲಿಲ್ಲ. ಶಾಲೆಯವರು ಬೇರೆಯವನನ್ನು ಇಟ್ಟುಕೊಂಡರು. ಅವನು ಬಟ್ಟೆ ಗಂಟು ಕಟ್ಟಿಕೊಂಡು ಗೆಳೆಯನ ರೂಮಿಗೆ ಹೋಗಿ, ಪೀಠೋಪಕರಣದ ಅಂಗಡಿಯಲ್ಲಿ ಬೀರು ಮಂಚ ಎತ್ತುವ ಕೆಲಸಕ್ಕೆ ಸೇರಿದ. ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಪೂರ್ತಿ ಬಿಟ್ಟರೆ ಮನೆ ನಡೆಯುವುದಿಲ್ಲವಾದ್ದರಿಂದ ಅವರು ಪಾತ್ರೆಗಳ ಜೊತೆ ಮಾತಾಡತೊಡಗಿದರು. “ಏ ಕುಕ್ಕರೇ, ಅಕ್ಕಿ ಮುಗಿದಿದೆ ಅಂತ ಯಾರಾದ್ರೂ ನೋಡಿದಾರಾ?” ಎನ್ನುವರು. ಅವಳು ಅಕ್ಕಿ ತಂದಿಡುವಳು. “ಅಯ್ಯೋ ಬಕೆಟ್ಟೇ, ನನ್ನ ಮಂಡಿ ನೋವು ಯಾರಿಗೆ ಬೇಕು” ಎನ್ನುವರು. ಅವಳು ಎಣ್ಣೆ ಬಿಸಿ ಮಾಡಿ ತರುವಳು. ಅತ್ತೆ ಕಾಲು ಚಾಚುವರು, ಗೋಡೆಯ ಕಡೆ ನೋಡಿಕೊಂಡು.

ಆ ದಿನಗಳಲ್ಲಿ ಅವಳಿಗೆ ತಾನು ಮಾಡಿದ್ದು ಸರಿಯೆಂಬ ಧೈರ್ಯವೇನೂ ಸದಾ ಇರುತ್ತಿರಲಿಲ್ಲ. ಮಹಡಿಯ ಖಾಲಿ ರೂಮಿನ ಬಾಗಿಲು ಗಾಳಿಗೆ ಬಡಿದುಕೊಂಡಾಗ ಎದ್ದು ಹೋಗಿ ಚಿಲಕ ಹಾಕಿಬರುತ್ತಿದ್ದಳು. ಮನೆಯಲ್ಲಿ ನಗು ಕಡಿಮೆಯಾಗಿತ್ತು. ಅವನ ಹಾಡು ನಿಂತ ಮೇಲೆ ಮಿಷನ್ನಿನ ಸದ್ದು ಎಷ್ಟು ಒಣಕಲೆಂದು ಗೊತ್ತಾಯಿತು. ಆದರೂ ಸಂಜೆ ಅಂಗಳದ ಬೀಗ ತೆಗೆಯುವುದನ್ನು ಅವಳು ಬಿಡಲಿಲ್ಲ.

ಒಂದು ಸಂಜೆ ಸಾಲಿನ ಕೊನೆಯಲ್ಲಿ ಅವನು ನಿಂತಿದ್ದ. ಸೊರಗಿದ್ದ, ಭುಜ ಮಾತ್ರ ಅಗಲವಾಗಿತ್ತು. ಅವಳಿಗೆ ಓಡಿಹೋಗಿ ಮಾತಾಡಿಸಬೇಕೆನಿಸಿತು. ಆದರೆ ಅವನ ಮುಂದೆ ತರಕಾರಿಯವನಿದ್ದ, ಅವನ ಮುಂದೆ ಕನ್ನಡಕದ ಹೆಂಗಸು. ಅವಳು ಅವರ ಸರದಿ ಮುಗಿಸಿಯೇ ಅವನ ಬಳಿ ಬಂದಳು.

“ಏನು ಕಲೀಬೇಕು?” ಎಂದಳು, ಎಲ್ಲರಿಗೂ ಕೇಳುವ ಹಾಗೆಯೇ.

“ನಂಗೇನು ಬರಲ್ಲ ಅಂತ ನೀವೇ ಹೇಳಬೇಕು, ಮೇಡಂ.” ಅತ್ತಿಗೆ ಎನ್ನಲಿಲ್ಲ.

“ಹತ್ತು ಗಾಡಿ.”

ಇಳಿಜಾರು, ರಿವರ್ಸು, ಕಂಬಗಳ ನಡುವೆ ನಿಲ್ಲಿಸುವುದು ಎಲ್ಲ ಅವನಿಗೆ ಬೇಗ ಬಂತು. ಕಷ್ಟವಾದದ್ದು ಕುತ್ತಿಗೆ. ಅವಳು ಹಿಂದಿನ ಸೀಟಿನಲ್ಲಿ ಕೂತು ಬೇಕೆಂದೇ ಹರಟೆ ಹೊಡೆಯುತ್ತಿದ್ದಳು. “ಪಕ್ಕದ ಮನೆ ಬೆಕ್ಕು ಮರಿ ಹಾಕಿದೆ” ಎನ್ನುವಳು. ಅವನು “ಎಷ್ಟು?” ಎಂದು ತಿರುಗುವನು. “ನಿಲ್ಸು!” ಮತ್ತೆ ಮೊದಲಿನಿಂದ. “ನಿಮ್ಮಣ್ಣ ನಿನ್ನೆ ಒಂದು ಷರ್ಟಿಗೆ ಎರಡೂ ಎಡಗೈ ತೋಳೇ ಹೊಲಿದುಬಿಟ್ರು” ಎನ್ನುವಳು. ಅವನಿಗೆ ನಗು ತಡೆಯಲಾಗದೆ ಮುಖ ಅರ್ಧ ತಿರುಗಿ, ನೆನಪಾಗಿ, ಕುತ್ತಿಗೆ ಗಟ್ಟಿ ಮಾಡಿಕೊಂಡು, ಗಾಜಿನ ಕಡೆ ನೋಡುತ್ತಲೇ ಗಹಗಹಿಸುವನು. ಅಂಗಳದಲ್ಲಿ ನಿಂತವರಿಗೆ ಅದೊಂದು ತಮಾಷೆಯೇ ಆಯಿತು. ತರಕಾರಿಯವನೂ ಹಿಂದೆ ಹತ್ತಿ ಕೂತು “ಅಂಕಲ್, ಇವ್ನು ನನ್ನ ಪೆನ್ಸಿಲ್ ಕಿತ್ಕೊಂಡ” ಎಂದು ಚೀರುವನು. ಕನ್ನಡಕದ ಹೆಂಗಸು “ಅಂಕಲ್, ನಂಗೆ ವಾಂತಿ ಬರ್ತಿದೆ” ಎನ್ನುವಳು. ಇಡೀ ಸಾಲು ಅವನಿಗೋಸ್ಕರ ಶಾಲೆಯ ಮಕ್ಕಳಾಯಿತು.

ಕೆಲವು ತಿಂಗಳಾದ ಮೇಲೆ ಅವನು ಪಕ್ಕದ ಊರಿನ ಕಚೇರಿಗೆ ಹೋಗಿ ಪರೀಕ್ಷೆ ಕೊಟ್ಟ. ಅಲ್ಲಿಯ ಪರೀಕ್ಷಕರಿಗೆ ಇವನು ಯಾರೆಂದು ಗೊತ್ತಿರಲಿಲ್ಲ, ಇವನೂ ಹೇಳಲಿಲ್ಲ. ಪಾಸಾದ. ಸಂಜೆ ಅಂಗಳಕ್ಕೆ ಬಂದು ಅವಳಿಗೆ ಹೇಳಿದ. “ಇಳಿಜಾರು ಹತ್ತಿಸಿದ್ರಾ?” ಎಂದು ಅವಳು ಕೇಳಿದಳು. “ಎರಡು ಸಲ” ಎಂದ. ಅಷ್ಟೇ. ಬೇರೊಂದು ಶಾಲೆಯ ವ್ಯಾನಿಗೆ ಸೇರಿದ. ಮಹಡಿಯ ರೂಮಿಗೆ ಮಾತ್ರ ಮರಳಿ ಬರಲಿಲ್ಲ. ಬೇರೆ ಮನೆ ಮಾಡಿಕೊಂಡ, ಮದುವೆಯಾದ. ಅವಳನ್ನು ಬಹಳ ಕಾಲ ಮೇಡಂ ಎಂದೇ ಕರೆದ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಫೋನು ಮಾಡಿ, ಗಾಬರಿ ಸಂತೋಷಗಳ ನಡುವೆ “ಅತ್ತಿಗೆ” ಎಂದುಬಿಟ್ಟ. ಆಮೇಲೆ ಅದೇ ಉಳಿಯಿತು.

ಅತ್ತೆ ಪಾತ್ರೆಗಳ ಜೊತೆಗಿನ ಸಂಭಾಷಣೆ ನಿಲ್ಲಿಸಿದ್ದು ಅದಕ್ಕಿಂತ ಮೊದಲು. ಒಂದು ರಜೆಯ ದಿನ ಕಿರಿಮಗನ ಗಾಡಿಯಲ್ಲಿ ತಮ್ಮ ಅಕ್ಕನ ಮನೆಗೆ ಹೋಗಿಬಂದರು. ಬಂದವರೇ ಚಪ್ಪಲಿ ಬಿಡುವ ಮೊದಲೇ ಸೊಸೆಯನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದರು.

“ಏನೇ ಮಾಡಿದೀಯ ನನ್ನ ಮಗನಿಗೆ? ದಾರಿಯುದ್ದಕ್ಕೂ ಮಾತಾಡಿದೀನಿ, ನನ್ನ ಕಡೆ ಒಂದು ಸಲಾನೂ ತಿರುಗಿ ನೋಡಲಿಲ್ಲ! ಹೂಂ ಅಂತಾನೆ, ಹಾಂ ಅಂತಾನೆ, ಕಲ್ಲು ಗುಂಡಿನ ಹಾಗೆ ಮುಂದೆ ನೋಡ್ಕೊಂಡು ಕೂತಿರ್ತಾನೆ. ಹೆತ್ತ ತಾಯಿ ಅನ್ನೋದು ಬೇಡ್ವಾ?”

ಅವಳು ಒಲೆಯ ಕಡೆ ತಿರುಗಿಕೊಂಡು ನಕ್ಕಳು. ಬೈಗುಳವಾದರೇನು, ಮಾತು ನೇರ ತನಗೇ ಬಂದಿತ್ತು.

ಪಾಸಪ್ಪನ ಜೊತೆ ಹಾಗಾಗಲಿಲ್ಲ. ಆ ಘಟನೆಯ ನಂತರ ಅವರು ತಾವಾಗಿಯೇ ಕೇಳಿಕೊಂಡು ನವೀಕರಣದ ಕೌಂಟರಿಗೆ ಹೋಗಿದ್ದರು. ಒಮ್ಮೆ ಮಳೆ ಬಂದು ಇಬ್ಬರೂ ಒಂದೇ ಮಾಡಿನ ಕೆಳಗೆ ನಿಲ್ಲಬೇಕಾದಾಗ ಅವರು ರಸ್ತೆ ನೋಡಿಕೊಂಡು ಹೇಳಿದರು. “ನಾನು ಕೆಟ್ಟೋನಲ್ಲ ಮೇಡಂ. ಒಬ್ಬರನ್ನ ಅಳಿಸಿ ಮನೆಗೆ ಹೋದ್ರೆ ನಂಗೆ ಅನ್ನ ಸೇರಲ್ಲ.”

“ಗೊತ್ತು ಸರ್” ಎಂದಳು ಅವಳು. “ನಂಗೂ ಎಷ್ಟೋ ದಿನ ಸೇರಲಿಲ್ಲ.”

ಅವರು ತಲೆಯಾಡಿಸಿದರು. ಮಳೆ ನಿಲ್ಲುವುದನ್ನು ಕಾಯದೆ ಹೊರಟುಹೋದರು. ನಿವೃತ್ತಿಯ ಸಮಾರಂಭದಲ್ಲಿ ಕಾವಲುಗಾರನಿಂದ ಹಿಡಿದು ಟೀ ಅಂಗಡಿಯವನವರೆಗೆ ಎಲ್ಲರನ್ನೂ ನೆನೆದು ಕೃತಜ್ಞತೆ ಹೇಳಿದರು, ಅವಳೊಬ್ಬಳನ್ನು ಬಿಟ್ಟು. ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಮನೆಗೆ ಬಂದು ಆವತ್ತು ಬೇಗ ಮಲಗಿದಳು.

ಅವಳೂ ನಿವೃತ್ತಳಾದಳು. ಅಂಗಳದ ಸಂಜೆಯನ್ನು ಅವಳ ಜಾಗಕ್ಕೆ ಬಂದ ತರುಣಿ ಮುಂದುವರಿಸಿದಳು. ಈಗ ಅದಕ್ಕೊಂದು ಬೋರ್ಡೂ ಇದೆ. ಅವಳು ಗಂಡನ ಜೊತೆ ಹಳೆಯ ಸಣ್ಣ ಕಾರಿನಲ್ಲಿ ಓಡಾಡಿಕೊಂಡಿದ್ದಳು. ಒಂದು ಮುಸ್ಸಂಜೆ ಮಾರುಕಟ್ಟೆಯಿಂದ ಬರುವಾಗ ಪಕ್ಕದಿಂದ ಬಂದ ಸೈಕಲ್ಲೊಂದು ಅವಳಿಗೆ ತೀರ ಹತ್ತಿರ ಬಂದ ಮೇಲೆ ಕಾಣಿಸಿತು. ಬ್ರೇಕು ಹಿಡಿಯಿತು. ಏನೂ ಆಗಲಿಲ್ಲ. ಸೈಕಲ್ಲಿನವನು ಕೈಯೆತ್ತಿ ಬೈದು ಹೋದ. ಗಂಡ “ಅವನದ್ದೇ ತಪ್ಪು, ದೀಪ ಇಲ್ಲ” ಎಂದ. ಅವಳು ಕಾರನ್ನು ಮನೆಯವರೆಗೆ ನಿಧಾನವಾಗಿ ತಂದು ನಿಲ್ಲಿಸಿದಳು.

ಕಣ್ಣಿನ ಡಾಕ್ಟರು ನೋಡಿ, ಅಂಚಿನ ನೋಟ ಮಸುಕಾಗುತ್ತಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ, ಔಷಧಿಯಿಂದ ಇಷ್ಟಕ್ಕೇ ನಿಲ್ಲಿಸಬಹುದು ಎಂದರು. ಹಗಲು ಹೊತ್ತು ಹುಷಾರಾಗಿ ಓಡಿಸಿದರೆ ಈಗಲೇ ಬಿಡಬೇಕೆಂದೇನಿಲ್ಲ ಎಂದೂ ಸೇರಿಸಿದರು. ಅವಳು ಆ ಮಾತನ್ನು ಕೆಲವು ದಿನ ಮನಸ್ಸಿನಲ್ಲಿ ಹೊರಳಿಸಿದಳು. ಸ್ಟೀರಿಂಗು ಬಿಡುವುದೆಂದರೆ ಅವಳಿಗೆ ಕೈ ಕಟ್ಟಿಹಾಕಿದ ಹಾಗೆ. ಒಂದು ಬೆಳಿಗ್ಗೆ ಹೋಗಿ ಕಾರಿನಲ್ಲಿ ಸುಮ್ಮನೆ ಕೂತು ಎದ್ದುಬಂದಳು. ಆಮೇಲೆ ಸೀರೆ ಬದಲಿಸಿ, ಗಂಡನನ್ನು ಕರೆದುಕೊಂಡು ಬಸ್ಸಿನಲ್ಲಿ ತನ್ನ ಹಳೆಯ ಕಚೇರಿಗೆ ಹೋದಳು.

ಕೌಂಟರಿನ ಹೊಸ ಗುಮಾಸ್ತ ಅವಳ ಲೈಸೆನ್ಸನ್ನು ತಿರುಗಿಸಿ ನೋಡಿದ.

“ನವೀಕರಣಾನಾ ಅಮ್ಮ? ಇನ್ನೂ ಅವಧಿ ಇದೆಯಲ್ಲ.”

“ವಾಪಸ್ ಕೊಡೋಕೆ ಬಂದಿದೀನಿ.”

“ಯಾಕೆ, ಹೆಸರು ತಪ್ಪಿದೆಯಾ?”

“ಹೆಸರು ಸರಿಯಾಗೇ ಇದೆ. ಕಣ್ಣು ಸರಿಯಿಲ್ಲ.”

ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿದ. ಕಳೆದುಹೋದದ್ದಕ್ಕೆ ಒಂದು ದಾರಿಯಿತ್ತು, ರದ್ದಾದದ್ದಕ್ಕೆ ಒಂದು ದಾರಿಯಿತ್ತು. ತಾನಾಗಿ ತಂದುಕೊಟ್ಟದ್ದಕ್ಕೆ ಅವನಿಗೆ ಯಾವುದೂ ಸಿಗಲಿಲ್ಲ. ಒಳಗೆ ಹೋಗಿ ಯಾರನ್ನೋ ಕೇಳಿಬಂದ. ಅವರಿಗೂ ಗೊತ್ತಿರಲಿಲ್ಲ. “ಮನೇಲೇ ಇಟ್ಕೊಂಡು ಓಡಿಸದೇ ಇದ್ರಾಯ್ತಲ್ಲಮ್ಮ?” ಎಂದ.

“ಮನೇಲಿದ್ರೆ ಒಂದಲ್ಲ ಒಂದು ದಿನ ಓಡಿಸ್ತೀನಿ ಕಣಪ್ಪ” ಎಂದಳು ಅವಳು. “ನನ್ನನ್ನ ನಾನು ಬಲ್ಲೆ.”

ಕೊನೆಗೆ ಅವನು ಅದನ್ನು ತೆಗೆದುಕೊಂಡು, ಒಂದು ಲಕೋಟೆಯಲ್ಲಿ ಹಾಕಿ, ಏನು ಬರೆಯುವುದೆಂದು ತಿಳಿಯದೆ ಖಾಲಿಯೇ ಬಿಟ್ಟು ಡ್ರಾಯರಿನಲ್ಲಿಟ್ಟ. ಅವಳಿಗೆ ಅದು ಸಾಕಾಯಿತು.

ಮರಳುವ ಬಸ್ಸಿನಲ್ಲಿ ಹಿಂದೆ ಸೀಟುಗಳು ಖಾಲಿಯಿದ್ದವು. ಗಂಡ ಹೋಗಿ ಕಿಟಕಿಯ ಪಕ್ಕ ಅವಳಿಗೆ ಜಾಗ ಹಿಡಿದ. ಅವಳು ಬರಲೇ ಇಲ್ಲ. ಡ್ರೈವರಿನ ಹಿಂದಿನ ಕಂಬ ಹಿಡಿದು ನಿಂತು ಅವನ ಕೈಯನ್ನೂ ಕಾಲನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು. ಡ್ರೈವರು ಕಸಿವಿಸಿಗೊಂಡು ಕನ್ನಡಿಯಲ್ಲಿ ಅವಳನ್ನು ನೋಡಿದ, ಇನ್ನಷ್ಟು ನೆಟ್ಟಗೆ ಕೂತ. ಒಂದೆರಡು ನಿಲ್ದಾಣ ಕಳೆದ ಮೇಲೆ ಗಂಡ ಎದ್ದು ಬಂದು ಅವಳ ಸೆರಗು ಹಿಡಿದು ಎಳೆದ.

“ಅವರು ಪಾಸಾಗಿದಾರೆ ಕಣೇ” ಎಂದ. “ಬಾ, ಕೂತ್ಕೋ.”